ಹಳೆಯ ತೆರಿಗೆ ಪದ್ಧತಿಯೋ, ಹೊಸದೋ?

ಆದಾಯ ತೆರಿಗೆ ಕಟ್ಟಲು ಎರಡು ಪದ್ಧತಿಗಳಿವೆ: ಹಳೆಯದರಲ್ಲಿ ಉಳಿತಾಯ, ಸಾಲ, ಬಾಡಿಗೆಗಳಿಗೆ ವಿನಾಯಿತಿ ಸಿಗುತ್ತದೆ; ಹೊಸದರಲ್ಲಿ ತೆರಿಗೆಯ ದರ ಕಡಿಮೆ, ಆದರೆ ಇಂಥ ಬಹುತೇಕ ವಿನಾಯಿತಿಗಳಿಲ್ಲ. 2025ರ ಬಜೆಟ್‌ ನಂತರ, ಸಂಬಳವೊಂದೇ ಆದಾಯವಾಗಿರುವವರಿಗೆ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗೆ ತೆರಿಗೆಯಿಲ್ಲ. ಅಷ್ಟರೊಳಗಿನವರು ಹಳೆಯದರ ಗೊಡವೆಗೆ ಹೋಗಬೇಕಾಗಿಲ್ಲ.

15 ಲಕ್ಷ ಸಂಬಳದ ಲೆಕ್ಕ ನೋಡೋಣ. ಹೊಸದರಲ್ಲಿ ಸೆಸ್ ಸೇರಿ ತೆರಿಗೆ 97,500 ರೂಪಾಯಿ. ಹಳೆಯದರಲ್ಲಿ ಇದಕ್ಕಿಂತ ಕಡಿಮೆ ಕಟ್ಟಬೇಕೆಂದರೆ, ಸಂಬಳದಾರರೆಲ್ಲರಿಗೂ ತಾನಾಗಿಯೇ ಸಿಗುವ 50,000 ರೂಪಾಯಿಯ ಕಡಿತ (ಸ್ಟ್ಯಾಂಡರ್ಡ್ ಡಿಡಕ್ಷನ್) ಬಿಟ್ಟು, ಸುಮಾರು 5.44 ಲಕ್ಷಕ್ಕೂ ಹೆಚ್ಚಿನ ವಿನಾಯಿತಿ ಬೇಕು. ಪಿಎಫ್, ಜೀವವಿಮೆಯಂಥ ಉಳಿತಾಯಕ್ಕೆ (80ಸಿ ಎಂದು ಹೆಸರಾದದ್ದು) ಸಿಗುವ 1.5 ಲಕ್ಷ, ಗೃಹಸಾಲದ ಬಡ್ಡಿಯ 2 ಲಕ್ಷ ಸೇರಿದರೂ ಸಾಲದು. ಬೆಂಗಳೂರಿನಲ್ಲಿ ದೊಡ್ಡ ಬಾಡಿಗೆ ಕಟ್ಟುತ್ತಾ ಊರಿನ ಮನೆಯ ಸಾಲವನ್ನೂ ತೀರಿಸುತ್ತಿರುವವರಿಗೆ ಹಳೆಯದು ಒದಗೀತು.

ತೆರಿಗೆ ಉಳಿಸಲೆಂದೇ ಮಾರ್ಚ್‌ನಲ್ಲಿ ಬೇಡದ ಪಾಲಿಸಿ ಕೊಳ್ಳುವುದನ್ನು ದಯವಿಟ್ಟು ಬಿಡಿ. ಸಂಬಳದಾರರು ಪ್ರತಿವರ್ಷ ಪದ್ಧತಿ ಬದಲಿಸಬಹುದು. ವ್ಯಾಪಾರದ ಆದಾಯವಿದ್ದವರಿಗೆ ಹಳೆಯದರಿಂದ ಹೊಸದಕ್ಕೆ ಮರಳಲು ಒಂದೇ ಅವಕಾಶ.