ಸಿಲ್ವರ್ ಸ್ಪ್ರಿಂಗ್‌ನ ಒಂದು ಇಥಿಯೋಪಿಯನ್ ಊಟದ ಮನೆ

ಇಥಿಯೋಪಿಯಾದ ದೋಸೆಯಂಥ ರೊಟ್ಟಿಯಾದ ಇಂಜೆರಾ ಹುಳಿಯಾಗಿರಬೇಕು. ಗಸಗಸೆಯಷ್ಟು ಸಣ್ಣದಾದ ಟೆಫ್ ಧಾನ್ಯದ ಹಿಟ್ಟನ್ನು, ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಎರ್ಶೋ ಎಂಬ ಹುಳಿನೀರಿನೊಂದಿಗೆ ಕಲಸಿ, ಎರಡು ಮೂರು ದಿನ ಹುದುಗಲು ಬಿಟ್ಟು, ಅದರಲ್ಲೇ ಸ್ವಲ್ಪ ಭಾಗವನ್ನು ತೆಗೆದು ಗಂಜಿ ಕಾಯಿಸಿ ಮರಳಿ ಬೆರೆಸಿ, ಅಗಲವಾದ ಮಿತಾದ್ ಕಾವಲಿಯ ಮೇಲೆ ಹೊಯ್ದು ಮುಚ್ಚಿದರೆ, ಒಂದೇ ಮಗ್ಗುಲು ಬೆಂದು ಮೇಲೆಲ್ಲ ಕಣ್ಣು ಬಿಟ್ಟ ಇಂಜೆರಾ ಸಿದ್ಧವಾಗುತ್ತದೆ. ಅಮೆರಿಕದ ಅನೇಕ ಹೋಟೆಲುಗಳಲ್ಲಿ ಗೋಧಿ ಅಥವಾ ಬಾರ್ಲಿ ಹಿಟ್ಟನ್ನು ಧಾರಾಳವಾಗಿ ಬೆರೆಸಿ, ಹುದುಗುವ ಸಮಯವನ್ನೂ ಮೊಟಕುಗೊಳಿಸುವುದರಿಂದ ಆ ಹುಳಿ ಅಪರೂಪವಾಗಿದೆ. ವಾಷಿಂಗ್ಟನ್‌ಗೆ ಅಂಟಿಕೊಂಡಂತಿರುವ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ, ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಚಿಕ್ಕ ಊಟದ ಮನೆಯಲ್ಲಿ ನನಗೆ ಅದು ಪೂರ್ಣವಾಗಿ ಸಿಕ್ಕಿತು.

ಈ ಊಟದ ಮನೆಯನ್ನು ನಡೆಸುವವರು ಅಡಿಸ್ ಅಬಾಬಾದಿಂದ ಬಂದ ಹಿರಿಯ ಮಹಿಳೆ. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಪದಚ್ಯುತಗೊಳಿಸಿ ಅಧಿಕಾರ ಹಿಡಿದ ದೆರ್ಗ್ ಸೈನಿಕ ಆಡಳಿತದ ಕಾಲದಲ್ಲಿ ಗಡಿ ದಾಟಿ ಸುಡಾನ್ ಸೇರಿದ ಸಾವಿರಾರು ಜನರಲ್ಲಿ ಅವರ ಕುಟುಂಬವೂ ಒಂದಾಗಿತ್ತು. 1980ರ ನಿರಾಶ್ರಿತರ ಕಾಯ್ದೆ ಜಾರಿಗೆ ಬಂದ ಬಳಿಕ ಅವರು ಅಮೆರಿಕಕ್ಕೆ ಬಂದರು. ಬಹಳ ವರ್ಷ ಬೇರೆಯವರ ಅಡುಗೆಮನೆಗಳಲ್ಲಿ ದುಡಿದು ಸ್ವಂತ ಹೋಟೆಲು ತೆರೆದ ಮೇಲೆ ಅವರಿಗೆ ಸ್ತನದ ಕ್ಯಾನ್ಸರ್ ಇರುವುದು ತಿಳಿಯಿತು. ಕಾಯಿಲೆಯ ವಿಷಯವನ್ನು ಬರೆಯಲು ಒಪ್ಪಿದ ಅವರು ಹೆಸರನ್ನು ಮಾತ್ರ ಬರೆಯಬಾರದೆಂದು ಕೇಳಿಕೊಂಡಿದ್ದರಿಂದ, ಹೋಟೆಲಿನ ಹೆಸರನ್ನೂ ನಾನು ಇಲ್ಲಿ ಕೊಟ್ಟಿಲ್ಲ.

ಕೀಮೋಥೆರಪಿಯ ತಿಂಗಳುಗಳಲ್ಲಿ ಅವರ ನಾಲಿಗೆಗೆ ಎಲ್ಲ ತಿನಿಸೂ ಲೋಹದಂತೆ ಹತ್ತುತ್ತಿತ್ತು, ಬೆರಳ ತುದಿಗಳು ಜೋಮು ಹಿಡಿದಿದ್ದವು. ಅಳತೆಯಿಲ್ಲದೆ, ಕೈ ಅಂದಾಜು ಮತ್ತು ನಾಲಿಗೆಯ ನಂಬಿಕೆಯಲ್ಲೇ ಅಡುಗೆ ಮಾಡಿಕೊಂಡು ಬಂದವರಿಗೆ ಆ ಎರಡೂ ಒಟ್ಟಿಗೆ ಕೈಕೊಟ್ಟಾಗ ಆದ ಆಘಾತವನ್ನು ಅವರು ಇಂದಿಗೂ ಮರೆತಿಲ್ಲ. ಆಗ ಅವರು ತಕ್ಕಡಿ ತರಿಸಿದರು. ಒಣಮೆಣಸಿನಕಾಯಿ, ಕೊರರಿಮಾ ಎಂಬ ಇಥಿಯೋಪಿಯಾದ ಏಲಕ್ಕಿ, ಓಮ, ಮೆಂತ್ಯ, ಶುಂಠಿ, ಬೆಳ್ಳುಳ್ಳಿ, ತುಳಸಿಯ ಜಾತಿಯ ಬೆಸೊಬೆಲಾ, ಹೀಗೆ ಬೆರ್ಬೆರೆ ಪುಡಿಗೆ ಬೀಳುವ ಒಂದೊಂದನ್ನೂ ತೂಗಿ, ಮಗಳಿಗೆ ರುಚಿ ನೋಡಲು ಕೊಟ್ಟು, ಅವಳು ಹೇಳಿದ್ದನ್ನು ತಮ್ಮ ನೆನಪಿನೊಂದಿಗೆ ಹೋಲಿಸಿ, ಸರಿಬಂದ ಅಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟರು. ತಾಯಿಯಿಂದ ಕೇಳಿ ಕಲಿತಿದ್ದು ಆ ಮನೆತನದಲ್ಲಿ ಮೊದಲ ಬಾರಿಗೆ ಬರಹಕ್ಕಿಳಿದದ್ದು ಹೀಗೆ. ರುಚಿ ಮರಳಿ ಬಂದಿದೆ, ಆದರೆ ತಕ್ಕಡಿ ಇನ್ನೂ ಅಡುಗೆಮನೆಯಲ್ಲೇ ಇದೆ.

ಅದರ ಫಲವನ್ನು ಅವರ ಕೋಳಿ ಸಾರಾದ ದೋರೊ ವಾಟ್‌ನಲ್ಲಿ ಕಾಣಬಹುದು. ಸಣ್ಣಗೆ ಹೆಚ್ಚಿದ ರಾಶಿ ಈರುಳ್ಳಿಯನ್ನು ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ, ಅದು ಕರಗಿ ಕಂದಾಗುವವರೆಗೆ ಬಾಡಿಸಿ, ಆ ಮೇಲಷ್ಟೇ ಬೆರ್ಬೆರೆಯನ್ನೂ ಮಸಾಲೆ ಹಾಕಿ ಕಾಯಿಸಿದ ನಿತರ್ ಕಿಬೆ ತುಪ್ಪವನ್ನೂ ಸೇರಿಸಿ ಕೋಳಿಯನ್ನು ಬೇಯಿಸುತ್ತಾರೆ. ಬೇಯಿಸಿದ ಇಡೀ ಮೊಟ್ಟೆಯೂ ಅದರಲ್ಲಿರುತ್ತದೆ. ಖಾರ ಮೊದಲು ಬರುವುದಿಲ್ಲ, ಈರುಳ್ಳಿಯ ಸಿಹಿ ಬಂದು ಹೋದ ಮೇಲೆ ನಿಧಾನವಾಗಿ ಏರುತ್ತದೆ. ಇದಕ್ಕಿಂತ ಚೆನ್ನಾದ ದೋರೊ ವಾಟ್ ನಾನು ಉಂಡಿಲ್ಲ.

ಸಸ್ಯಾಹಾರಿಗಳು ಇಲ್ಲಿ ನಿಶ್ಚಿಂತೆಯಿಂದ ಉಣ್ಣಬಹುದು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರಗಳಲ್ಲಿ, ಈಸ್ಟರಿಗೆ ಮುಂಚಿನ 55 ದಿನಗಳಲ್ಲಿ ಹಾಗೂ ಇನ್ನೂ ಹಲವು ವ್ರತಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆಗಳನ್ನು ಬಿಡುವುದರಿಂದ ಅವರ ವ್ರತದ ಅಡುಗೆ ಶತಮಾನಗಳಿಂದ ಬೆಳೆದು ಬಂದಿದೆ. ಒಂದೇ ಇಂಜೆರಾದ ಮೇಲೆ ಕೆಂಪು ಬೇಳೆಯ ಮಿಸಿರ್ ವಾಟ್, ಅರಿಶಿನ ಹಾಕಿದ ಬಟಾಣಿ ಬೇಳೆಯ ಕಿಕ್ ಅಲಿಚಾ, ಗೊಮೆನ್ ಸೊಪ್ಪು, ಕೋಸು ಮತ್ತು ಕ್ಯಾರೆಟ್ಟಿನ ಪಲ್ಯ, ಕಡಲೆಹಿಟ್ಟಿನ ಶಿರೊ ಇಷ್ಟನ್ನೂ ಬಡಿಸಿದ ಬೆಯಾಯ್ನೆತು ತರಿಸಿಕೊಳ್ಳಿ. ಬಡಿಸುವಾಗ ಹೋಟೆಲಿನ ಒಡತಿ ಪಕ್ಕದಲ್ಲೇ ನಿಂತು ಯಾವುದು ಯಾವ ಪ್ರಾಂತದ್ದು, ಯಾವುದನ್ನು ಯಾವುದರ ಜೊತೆ ತಿನ್ನಬೇಕು ಎಂದು ವಿವರಿಸುತ್ತಾರೆ, ಒಟ್ಟಿಗೆ ಕುಳಿತವರು ಪರಸ್ಪರ ಬಾಯಿಗೆ ತುತ್ತಿಡುವ ಗುರ್ಶಾ ಪದ್ಧತಿಯನ್ನು ಹೇಳಿಕೊಡುತ್ತಾರೆ. ಕಾಯಿಲೆಗೆ ಮುಂಚೆ ಅವರು ಅಡುಗೆಮನೆಯಿಂದ ಹೊರಗೆ ಬರುತ್ತಲೇ ಇರಲಿಲ್ಲವಂತೆ. ತಾವು ಹೋದರೆ ತಮ್ಮೊಂದಿಗೇ ಹೋಗಬಹುದಾಗಿದ್ದ ತಿಳಿವಳಿಕೆಯನ್ನು ಈಗ ಅಪರಿಚಿತರಿಗೂ ಹಂಚುವ ಈ ಆತುರವೇ, ನನ್ನ ಮಟ್ಟಿಗೆ, ಇಲ್ಲಿಗೆ ಹೋಗಲು ಇರುವ ಮುಖ್ಯ ಕಾರಣ.

ಕನ್ನಡಿಗರಿಗೆ ಕೇಳಲು ಇನ್ನಷ್ಟು ಇದೆ. ರಾಗಿಯ ಮೂಲ ನೆಲೆ ಇಥಿಯೋಪಿಯಾ ಮತ್ತು ಉಗಾಂಡದ ಎತ್ತರದ ಪ್ರದೇಶಗಳು. ನಮ್ಮ ಬಯಲುಸೀಮೆಯ ಹೊಲಗಳ ಅಂಚಿನಲ್ಲಿ ಹಳದಿ ಹೂ ಬಿಡುವ ಹುಚ್ಚೆಳ್ಳು ಕೂಡ ಇಥಿಯೋಪಿಯಾದ್ದೇ, ಅಲ್ಲಿ ಬೆಣ್ಣೆ ವರ್ಜ್ಯವಾದ ವ್ರತದ ದಿನಗಳಲ್ಲಿ ಅದರ ಎಣ್ಣೆಯನ್ನು ಬಳಸುತ್ತಾರೆ. ಬಾಬಾ ಬುಡನ್ ಯೆಮೆನ್‌ನಿಂದ ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರೆಂದು ಪ್ರತೀತಿಯಿರುವ ಏಳು ಬೀಜಗಳ ಅರೇಬಿಕಾ ಕಾಫಿಯೂ ಮೊದಲು ಬೆಳೆದದ್ದು ಇಥಿಯೋಪಿಯಾದ ಕಾಡುಗಳಲ್ಲಿ. ನಾನು ಹುಚ್ಚೆಳ್ಳು ಚಟ್ನಿಪುಡಿಯ ವಿಷಯ ಎತ್ತಿದಾಗ ಅವರು ಕುರ್ಚಿ ಎಳೆದುಕೊಂಡು ಕುಳಿತು, ಮಾಡುವ ಕ್ರಮವನ್ನೆಲ್ಲ ಕೇಳಿ ಬರೆದುಕೊಂಡರು.

ಭಾನುವಾರ ಮಧ್ಯಾಹ್ನ ಕಾಫಿಯ ಸಮಾರಂಭವಿರುತ್ತದೆ. ಹಸಿ ಬೀಜವನ್ನು ಎದುರಿಗೇ ಹುರಿದು, ಹೊಗೆಯನ್ನು ಎಲ್ಲರಿಗೂ ಮೂಸಲು ಕೊಟ್ಟು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಬಗ್ಗಿಸುತ್ತಾರೆ. ಅಬೊಲ್, ತೊನಾ, ಬರಕಾ ಎಂದು ಮೂರು ಸುತ್ತು, ಜೊತೆಗೆ ಧೂಪ ಮತ್ತು ಮೆಕ್ಕೆಜೋಳದ ಅರಳು. ಅವಸರದಲ್ಲಿರುವವರು ಇದಕ್ಕೆ ಕೂರಬಾರದು, ಏಕೆಂದರೆ ಎದ್ದು ಹೋಗುವುದು ಅಗೌರವವೆನಿಸುತ್ತದೆ.

ಕೊರತೆಗಳನ್ನೂ ಹೇಳಬೇಕು. ಸಮೋಸಾದಂಥ ಸಂಬುಸಾ ಎಣ್ಣೆ ಕುಡಿದು ಮೆತ್ತಗಾಗಿತ್ತು, ಗೊಮೆನ್ ಅಗತ್ಯಕ್ಕಿಂತ ಹೆಚ್ಚು ಬೆಂದಿತ್ತು. ಮೇಜುಗಳು ಕಡಿಮೆ ಇರುವುದರಿಂದ ಶನಿವಾರ ಸಂಜೆ ದೀರ್ಘ ಕಾಲ ಕಾಯಬೇಕಾಗುತ್ತದೆ, ತಡವಾಗಿ ಹೋದವರಿಗೆ ದೋರೊ ವಾಟ್ ಸಿಗುವ ಖಾತ್ರಿಯಿಲ್ಲ. ಚಿಕಿತ್ಸೆಯ ನಂತರದ ತಪಾಸಣೆಗಳಿಗಾಗಿ ವಾರದ ನಡುವೆ ಬಾಗಿಲು ಮುಚ್ಚುವುದೂ ಉಂಟು. ಹೊರಡುವ ಮುನ್ನ ದೂರವಾಣಿ ಮಾಡಿ ಹೋಗುವುದು ಒಳ್ಳೆಯದು. ಹೊರಡುವಾಗ ಬೆರ್ಬೆರೆ ಪುಡಿಯ ಪೊಟ್ಟಣವನ್ನು ಕೇಳಿದರೆ, ಅದನ್ನು ಬಳಸುವ ಅಳತೆಯನ್ನು ಗ್ರಾಂಗಳಲ್ಲಿ ಬರೆದ ಚೀಟಿಯೊಂದಿಗೆ ಕೊಡುತ್ತಾರೆ.