ಎಂಟು ನಿಮಿಷದ ಕಿರುಚಿತ್ರ, ಒಂದು ಫೋನ್ ಮತ್ತು ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್

ನಮ್ಮ ಕಿರುಚಿತ್ರದಲ್ಲಿ ಒಂದು ಶಾಟ್ ಇದೆ. ರಾತ್ರಿ ಹೊತ್ತು, ಮೇಜಿನ ದೀಪದ ಕೆಳಗೆ ಕೂತು ಒಬ್ಬ ತಾಯಿ ಸೂಜಿಗೆ ದಾರ ಪೋಣಿಸುತ್ತಾಳೆ. ಬೆಳಗ್ಗೆ ಊರು ಬಿಟ್ಟು ಹೋಗುವ ಮಗನ ಅಂಗಿಗೆ ಗುಂಡಿ ಹಾಕಬೇಕು. ಕಥೆ ಅಷ್ಟೇ. ತಾಯಿಯ ಪಾತ್ರ ಮಾಡಿದವರು ನನ್ನ ಗೆಳೆಯನ ಅಮ್ಮ, ಹಿಂದೆ ಯಾವತ್ತೂ ಕ್ಯಾಮೆರಾ ಮುಂದೆ ನಿಂತವರಲ್ಲ. ಮೊದಲ ಟೇಕ್‌ನಲ್ಲಿ ದಾರ ನಿಜವಾಗಿಯೂ ಎರಡು ಸಲ ತಪ್ಪಿತು. ಅವರು ಕಣ್ಣು ಕಿರಿದು ಮಾಡಿ, ದಾರದ ತುದಿಯನ್ನು ತುಟಿಗೆ ಒತ್ತಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು ಮೂರನೇ ಸಲಕ್ಕೆ ಪೋಣಿಸಿದರು. ಹೇಳಿಕೊಟ್ಟರೆ ಬರುವಂಥದ್ದಲ್ಲ ಅದು. ನಾವು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆವು.

ಆ ಟೇಕ್ ಉಪಯೋಗಕ್ಕೆ ಬರಲಿಲ್ಲ. ಫೋನಿನ ಜೊತೆ ಬಂದ ಮಾಮೂಲಿ ಕ್ಯಾಮೆರಾದಲ್ಲಿ ತೆಗೆದಿದ್ದೆ. ಅವರ ಕೈ ದೀಪದ ಹತ್ತಿರ ಬಂದಾಗಲೆಲ್ಲ ಹಿಂದಿನ ಕೋಣೆ ಕಪ್ಪಾಗುತ್ತಿತ್ತು, ಕೈ ದೂರ ಹೋದರೆ ಮತ್ತೆ ಬೆಳಕಾಗುತ್ತಿತ್ತು. ಫೋಕಸ್ ಸೂಜಿಯಿಂದ ಗೋಡೆಗೆ ಓಡುತ್ತಿತ್ತು, ಗೋಡೆಯಿಂದ ಮುಖಕ್ಕೆ ಬರುತ್ತಿತ್ತು. ಮುಖದ ಬಣ್ಣ ಶಾಟ್ ಮಧ್ಯದಲ್ಲೇ ಹಳದಿಯಿಂದ ತಣ್ಣಗಿನ ಬಿಳಿಗೆ ತಿರುಗಿತು. ಚಿತ್ರ ಸ್ಪಷ್ಟವಾಗಿಯೇ ಇತ್ತು, ರೆಸಲ್ಯೂಷನ್ನೂ ಸಾಕಷ್ಟಿತ್ತು. ಆದರೆ ಪ್ರತಿ ಕ್ಷಣ ಏನು ಮಾಡಬೇಕೆಂದು ಫೋನೇ ತೀರ್ಮಾನ ಮಾಡುತ್ತಿತ್ತು. ಮನೆಯ ಹುಟ್ಟುಹಬ್ಬದ ವಿಡಿಯೋಗೆ ಅದು ಒಳ್ಳೆಯದೇ. ಕಥೆ ಹೇಳುವಾಗ ಮಾತ್ರ ಅದು ನಟರ ಕೆಲಸವನ್ನು ಹಾಳು ಮಾಡುತ್ತದೆ.

ಅವತ್ತು ರಾತ್ರಿಯೇ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಹಾಕಿಕೊಂಡೆ. ಉಳಿದ ಇಡೀ ಚಿತ್ರವನ್ನು ಅದರಲ್ಲೇ ತೆಗೆದೆವು. ಹಾಗಾಗಿ ಇದು ಸುಮ್ನೆ ತೆರೆದು ನೋಡಿ ಬರೆದ ವಿಮರ್ಶೆ ಅಲ್ಲ, ಪೂರ್ತಿ ಒಂದು ಚಿತ್ರ ಮುಗಿಸಿ ಬರೆಯುತ್ತಿರುವುದು.

ಮೊದಲು ಆ್ಯಪ್ ಬಗ್ಗೆ ಸ್ವಲ್ಪ. ಇದನ್ನು ಮಾಡಿದ್ದು ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್, ಸಿನಿಮಾ ಕ್ಯಾಮೆರಾಗಳನ್ನೂ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರನ್ನೂ ಮಾಡುವ ಆಸ್ಟ್ರೇಲಿಯಾದ ಕಂಪನಿ. ಐಫೋನಿಗೆ 2023ರಲ್ಲಿ ಬಂತು, ಆಂಡ್ರಾಯ್ಡಿಗೆ 2024ರಲ್ಲಿ. ಆ್ಯಪ್ ಪೂರ್ತಿ ಉಚಿತ. ವಿಡಿಯೋ ಮೇಲೆ ಕಂಪನಿಯ ಹೆಸರು ಬರುವುದಿಲ್ಲ, ನಡುವೆ ಜಾಹೀರಾತೂ ಇಲ್ಲ. ಇದಕ್ಕಿಂತ ಮೊದಲು ಫೋನಿನಲ್ಲಿ ಸಿನಿಮಾ ಮಾಡುವವರು ಹೆಚ್ಚಾಗಿ ಬಳಸುತ್ತಿದ್ದದ್ದು ಫಿಲ್ಮಿಕ್ ಪ್ರೊ. 2015ರಲ್ಲಿ ಬಂದ 'ಟ್ಯಾಂಜರೀನ್' ಎಂಬ ಪೂರ್ಣ ಪ್ರಮಾಣದ ಚಿತ್ರವನ್ನು ಐಫೋನ್ 5ಎಸ್‌ನಲ್ಲಿ, ಅದೇ ಆ್ಯಪ್ ಬಳಸಿ ತೆಗೆದಿದ್ದರು. 2022ರಲ್ಲಿ ಫಿಲ್ಮಿಕ್ ಪ್ರೊ ಚಂದಾ ಕಟ್ಟುವ ಪದ್ಧತಿಗೆ ಹೋಯಿತು. ಬಜೆಟ್ಟೇ ಇಲ್ಲದೆ ಚಿತ್ರ ಮಾಡುವ ನಮ್ಮಂಥವರಿಗೆ ಒಂದು ಉಚಿತ ಆ್ಯಪ್ ಬಂದದ್ದು ಎಷ್ಟು ದೊಡ್ಡ ವಿಷಯ ಅಂತ ಇಷ್ಟರಿಂದಲೇ ಗೊತ್ತಾಗುತ್ತದೆ ಅಲ್ವಾ.

ಆ್ಯಪ್ ತೆರೆದ ಕೂಡಲೇ ಸ್ಕ್ರೀನಿನ ಮೇಲ್ಗಡೆ ಒಂದು ಸಾಲು ಕಾಣುತ್ತದೆ. ಲೆನ್ಸ್, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರ), ಶಟರ್ (ಒಂದೊಂದು ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳಬೇಕು), ಐರಿಸ್ (ಲೆನ್ಸಿನ ಬೆಳಕಿನ ಕಿಂಡಿ ಎಷ್ಟು ಅಗಲ), ಟೈಮ್‌ಕೋಡ್ (ರೆಕಾರ್ಡಿಂಗ್‌ನ ಗಡಿಯಾರ), ಐಎಸ್‌ಒ (ಬೆಳಕನ್ನು ಎಷ್ಟು ಹಿಗ್ಗಿಸಬೇಕು), ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣಲು ಬಣ್ಣದ ಹೊಂದಾಣಿಕೆ), ಟಿಂಟ್ (ಹಸಿರು-ಗುಲಾಬಿ ಛಾಯೆಯ ಹೊಂದಾಣಿಕೆ). ಯಾವುದರ ಮೇಲೆ ಬೆರಳಿಟ್ಟರೂ ಅದರ ಪಟ್ಟಿ ತೆರೆಯುತ್ತದೆ. ಆಟೋ ತೆಗೆದು ನಮಗೆ ಬೇಕಾದ ಸಂಖ್ಯೆ ಇಟ್ಟರೆ ಅದು ಅಲ್ಲೇ ನಿಲ್ಲುತ್ತದೆ. ನಾನು ಈ ಆ್ಯಪನ್ನು ಇಷ್ಟು ಮೆಚ್ಚಿಕೊಳ್ಳುವುದು ಆ ಒಂದು ಗುಣಕ್ಕೆ. ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ದಾರ ಪೋಣಿಸುವ ಶಾಟ್‌ಗೆ ಐಎಸ್‌ಒ 400 ಇಟ್ಟೆ. ಕತ್ತಲೆ ಜಾಸ್ತಿ ಅನಿಸಿತು, ಆದರೂ ಐಎಸ್‌ಒ ಏರಿಸಲಿಲ್ಲ, ಏರಿಸಿದಷ್ಟೂ ಕಪ್ಪು ಜಾಗದಲ್ಲಿ ಕಾಳು ಕಾಳಾಗಿ ನಾಯ್ಸ್ ಬರುತ್ತದೆ. ಅದರ ಬದಲು ದೀಪವನ್ನೇ ಒಂದು ಗೇಣು ಹತ್ತಿರ ತಂದು, ಅವರ ಇನ್ನೊಂದು ಕೆನ್ನೆಯ ಕಡೆ ಒಂದು ಬಿಳಿ ಥರ್ಮಾಕೋಲ್ ಹಾಳೆ ಹಿಡಿದೆವು. ವೈಟ್ ಬ್ಯಾಲೆನ್ಸ್ 3600 ಕೆಲ್ವಿನ್‌ಗೆ ಇಟ್ಟೆ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ). ನಮ್ಮ ಬಲ್ಬ್ 3000ದ ಆಸುಪಾಸಿನದ್ದು. ಲೆಕ್ಕದ ಪ್ರಕಾರ ಕ್ಯಾಮೆರಾವನ್ನೂ ಅಷ್ಟಕ್ಕೇ ಇಟ್ಟರೆ ಬಿಳಿ ಬಿಳಿಯಾಗಿಯೇ ಕಾಣುತ್ತದೆ, ಆದರೆ ನನಗೆ ದೀಪದ ಹಳದಿ ಸ್ವಲ್ಪ ಉಳಿಯಬೇಕಿತ್ತು, ಅದಕ್ಕೇ ಸ್ವಲ್ಪ ಜಾಸ್ತಿ ಇಟ್ಟೆ.

ಶಟರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕಂದರೆ ಫೋನಿನ ವಿಡಿಯೋ 'ವಿಡಿಯೋ ಥರ' ಕಾಣುವುದಕ್ಕೆ ದೊಡ್ಡ ಕಾರಣ ಇದೇ. ಆಟೋದಲ್ಲಿ ಬಿಟ್ಟರೆ ಬೆಳಕು ಹೆಚ್ಚಾದಂತೆ ಫೋನ್ ಶಟರ್ ವೇಗ ಏರಿಸುತ್ತಾ ಹೋಗುತ್ತದೆ. ಆಗ ಪ್ರತಿ ಫ್ರೇಮೂ ಕತ್ತರಿಸಿದ ಹಾಗೆ ಚೂಪಾಗಿ ಬರುತ್ತದೆ, ಓಡಾಟ ಬಿಟ್ಟು ಬಿಟ್ಟು ಕಾಣುತ್ತದೆ. ಸಿನಿಮಾದಲ್ಲಿ ಸಾಮಾನ್ಯವಾಗಿ ಶಟರನ್ನು 180 ಡಿಗ್ರಿಗೆ ಇಡುತ್ತಾರೆ, ಅಂದರೆ ಒಂದು ಫ್ರೇಮಿನ ಅರ್ಧ ಹೊತ್ತು ಮಾತ್ರ ಬೆಳಕು ಒಳಗೆ ಬರುತ್ತದೆ. ಸೆಕೆಂಡಿಗೆ 24 ಫ್ರೇಮ್ ಆದರೆ ಅದು 1/48 ಸೆಕೆಂಡ್, 25 ಫ್ರೇಮ್ ಆದರೆ 1/50. ಕೈ ಬೀಸಿದಾಗ ಬರುವ ಆ ಮೆತ್ತಗಿನ ಮಸುಕು ಇದರಿಂದಲೇ. ಈ ಆ್ಯಪ್‌ನಲ್ಲಿ ಶಟರನ್ನು ಡಿಗ್ರಿಯಲ್ಲೂ ಇಡಬಹುದು, ಸೆಕೆಂಡಿನಲ್ಲೂ ಇಡಬಹುದು. ಡಿಗ್ರಿಯಲ್ಲಿ ಇಟ್ಟರೆ ಫ್ರೇಮ್ ರೇಟ್ ಬದಲಿಸಿದಾಗ ಮತ್ತೆ ಲೆಕ್ಕ ಹಾಕುವ ತಲೆನೋವಿಲ್ಲ.

ಇನ್ನೊಂದು ವಿಷಯ, ಲೈಟ್ ಮಿನುಗುವುದು. ಕರೆಂಟ್ 50 ಹರ್ಟ್ಜ್ ಇರುವ ಕಡೆ ಕೆಲವು ಎಲ್‌ಇಡಿ, ಟ್ಯೂಬ್‌ಲೈಟ್ ಕೆಳಗೆ 24 ಫ್ರೇಮ್, 180 ಡಿಗ್ರಿಯಲ್ಲಿ ತೆಗೆದರೆ ಚಿತ್ರದಲ್ಲಿ ಪಟ್ಟೆ ಪಟ್ಟೆಯಾಗಿ ಬೆಳಕು ಅಲೆಯುವ ಹಾಗೆ ಕಾಣಬಹುದು. ಶಟರನ್ನು 172.8 ಡಿಗ್ರಿಗೆ ಇಳಿಸಿದರೆ ಅದು ಸರಿಯಾಗಿ 1/50ಕ್ಕೆ ಬಂದು ನಿಲ್ಲುತ್ತದೆ, ಅಲೆಯುವುದು ಹೋಗುತ್ತದೆ. 60 ಹರ್ಟ್ಜ್ ಇರುವ ಕಡೆ 144 ಡಿಗ್ರಿ, ಅಂದರೆ 1/60. ಇದೆಲ್ಲ ಬೇಡ ಅಂದರೆ 50 ಹರ್ಟ್ಜ್ ಇರುವವರು ಸೀದಾ 25 ಫ್ರೇಮ್, 180 ಡಿಗ್ರಿ ಇಟ್ಟುಬಿಡಿ. ನಾವು ಹಾಗೇ ಮಾಡಿದೆವು.

ಈಗ ಫೋಕಸ್. ಇಲ್ಲಿ ನನಗೆ ನಿಜವಾಗಿಯೂ ಖುಷಿಯಾಯಿತು. ಫೋಕಸ್ ಪೀಕಿಂಗ್ ಅಂತ ಒಂದು ಸೌಲಭ್ಯ ಇದೆ. ಅದನ್ನು ಹಾಕಿದರೆ ಯಾವ ಭಾಗ ಫೋಕಸ್‌ನಲ್ಲಿದೆಯೋ ಅದರ ಅಂಚಿಗೆ ಬಣ್ಣದ ಗೆರೆ ಮೂಡುತ್ತದೆ. ಮ್ಯಾನುವಲ್ ಫೋಕಸ್ ಪಟ್ಟಿಯನ್ನು ಮೆಲ್ಲಗೆ ಎಳೆದೆ. ಮೊದಲು ಅವರ ಬಳೆಯ ಅಂಚು ಹಸಿರಾಯಿತು, ಆಮೇಲೆ ಬೆರಳ ಗೆಣ್ಣು, ಆಮೇಲೆ ಕೂದಲೆಳೆಯಷ್ಟು ತೆಳುವಾಗಿ ಸೂಜಿ. ಅಲ್ಲಿ ನಿಲ್ಲಿಸಿದೆ. ಅವರ ಮೊಣಕೈ ಮೇಜಿನ ಮೇಲೆ ಒಂದೇ ಜಾಗದಲ್ಲಿ ಇರುವಂತೆ ಒಂದು ಚಿಕ್ಕ ಟೇಪ್ ಅಂಟಿಸಿ, "ಅಮ್ಮಾ, ಕೈ ಇಲ್ಲೇ ಇರಲಿ, ಉಳಿದಿದ್ದು ನೀವು ಹೇಗೆ ಮಾಡ್ತೀರೋ ಹಾಗೆ" ಅಂದೆ. ಈ ಸಲ ಮುಖ ಪೂರ್ತಿ ಮಸುಕಾಗಿ ಹಿಂದೆ ಉಳಿಯಿತು, ಸೂಜಿಯ ಕಣ್ಣು ಮಾತ್ರ ಚೂಪಾಗಿ ಕಂಡಿತು. ದಾರ ತಪ್ಪಿದಾಗ ತಪ್ಪಿದ್ದು ನೋಡುವವರಿಗೆ ಗೊತ್ತಾಗುತ್ತದೆ. 41 ಸೆಕೆಂಡಿನ ಶಾಟ್, ಒಂದು ಕಟ್ಟೂ ಇಲ್ಲ.

ಹಗಲಿನ ಹೊರಗಿನ ಶಾಟ್‌ಗಳಲ್ಲಿ ಆ್ಯಪ್ ಒಂದರಿಂದಲೇ ಆಗುವುದಿಲ್ಲ, ಇದನ್ನು ಮೊದಲೇ ತಿಳಿದುಕೊಳ್ಳಿ. ಹೆಚ್ಚಿನ ಫೋನ್‌ಗಳಲ್ಲಿ ಐರಿಸ್ ಬದಲಾಗುವುದಿಲ್ಲ, ಎಫ್ 1.8ರ ಹತ್ತಿರ ಎಲ್ಲೋ ಒಂದು ಕಡೆ ಶಾಶ್ವತವಾಗಿ ನಿಂತಿರುತ್ತದೆ. ಬಿಸಿಲಿನಲ್ಲಿ ಐಎಸ್‌ಒ 50ಕ್ಕೆ ಇಳಿಸಿ, ಶಟರ್ 1/50 ಇಟ್ಟರೂ ಸುಮಾರು ಆರು ಸ್ಟಾಪ್ ಬೆಳಕು ಜಾಸ್ತಿ ಬರುತ್ತದೆ. ಸ್ಕ್ರೀನ್ ಬರೀ ಬಿಳಿ. ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಕಪ್ಪು ಗಾಜು, ಬೇಕೇ ಬೇಕು. ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ, ಆರು ಸ್ಟಾಪ್ ಅಂದರೆ ಎನ್‌ಡಿ 64 (ಬೆಳಕು 64ರಲ್ಲಿ ಒಂದು ಪಾಲು). ತಿರುಗಿಸಿ ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಅನುಕೂಲವೇ, ಆದರೆ ಕೊನೆ ತನಕ ತಿರುಗಿಸಿದರೆ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ನೆರಳು ಬೀಳುತ್ತದೆ. ಫಿಲ್ಟರ್ ಇಲ್ಲವಾದರೆ ಸೂರ್ಯ ಇಳಿದ ಮೇಲೆ, ಇಲ್ಲವೇ ನೆರಳಿನಲ್ಲಿ ತೆಗೆಯಿರಿ. ನಾವು ಮಗ ಮನೆ ಬಿಡುವ ದೃಶ್ಯವನ್ನು ನಸುಕಿಗೆ ಬದಲಾಯಿಸಿಕೊಂಡೆವು, ಕಥೆಗೂ ಅದೇ ಚೆನ್ನಾಗಿ ಹೊಂದಿತು. ಜೀಬ್ರಾ ಹಾಕಿಕೊಂಡಿದ್ದರೆ ಎಲ್ಲಿ ಬೆಳಕು ಮಿತಿ ಮೀರಿದೆಯೋ ಅಲ್ಲಿ ಓರೆ ಗೆರೆಗಳು ಕಾಣುತ್ತವೆ. ಆಕಾಶದಲ್ಲಿ ಗೆರೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಮುಖದ ಮೇಲೆ ಬಂದರೆ ನಿಲ್ಲಿಸಿ.

ಸ್ಥಿರತೆಗೆ ಇರುವ ಸ್ಟೆಬಿಲೈಸೇಷನ್ ಬಗ್ಗೆ ಒಂದೇ ಮಾತು. ಟ್ರೈಪಾಡ್ ಮೇಲೆ ಇದ್ದಾಗ ಅದನ್ನು ಆಫ್ ಮಾಡಿ.

ಇನ್ನು ಧ್ವನಿ. ಕಡಿಮೆ ಬಜೆಟ್ಟಿನ ಕಿರುಚಿತ್ರಗಳು ಸೋಲುವುದು ಚಿತ್ರದಲ್ಲಿ ಅಲ್ಲ, ಧ್ವನಿಯಲ್ಲಿ. ನೋಡುವವರು ಸ್ವಲ್ಪ ಮಸುಕಾದ ಚಿತ್ರವನ್ನು ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಆ್ಯಪ್‌ನಲ್ಲಿ ಧ್ವನಿಯ ಮೀಟರ್ ಸ್ಕ್ರೀನಿನ ಮೇಲೇ ಇದೆ. ಮಾತು ಸುಮಾರು ಮೈನಸ್ 12 ಡೆಸಿಬೆಲ್ ಹತ್ತಿರ ಆಡುತ್ತಿದ್ದರೆ ಸಾಕು, ಮೇಲಕ್ಕೆ ಹೋಗಿ ಕೆಂಪು ಮುಟ್ಟಬಾರದು. ಆದರೆ ಮೈಕ್ ನಟರಿಂದ ಹತ್ತು ಅಡಿ ದೂರ ಇದ್ದರೆ ಯಾವ ಮೀಟರೂ ಏನೂ ಮಾಡಲಾರದು. ನಾವು ಇನ್ನೊಂದು ಹಳೆಯ ಫೋನನ್ನು ರೆಕಾರ್ಡರ್ ಮಾಡಿಕೊಂಡು, ಅದಕ್ಕೆ ಕಾಲರ್ ಮೈಕ್ ಸಿಕ್ಕಿಸಿ, ನಟರ ಜೇಬಿನಲ್ಲಿಟ್ಟೆವು. ಎರಡರಲ್ಲೂ ಧ್ವನಿಯ ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆಯಬೇಕು) 48 ಕಿಲೋಹರ್ಟ್ಜ್‌ಗೆ ಇಟ್ಟು, ಪ್ರತಿ ಟೇಕ್ ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆದರೆ ಎಡಿಟಿಂಗ್‌ನಲ್ಲಿ ಕೂಡಿಸುವುದು ಸಲೀಸು. ಮಾಮೂಲಿ ಕ್ಯಾಮೆರಾದಲ್ಲಿ ತೆಗೆದ ಟೇಕ್‌ಗಳಲ್ಲಿ ಫ್ರೇಮ್ ರೇಟ್ ಏರಿಳಿದು, ಚಪ್ಪಾಳೆ ಸರಿಯಾಗಿ ಕೂತಿದ್ದರೂ ಕೊನೆಗೆ ಬರುವ ಹೊತ್ತಿಗೆ ತುಟಿಗೂ ಮಾತಿಗೂ ಹೊಂದುತ್ತಿರಲಿಲ್ಲ. ಈ ಆ್ಯಪ್‌ನಲ್ಲಿ ತೆಗೆದದ್ದರಲ್ಲಿ ನನಗೆ ಆ ತೊಂದರೆ ಬರಲಿಲ್ಲ. ಮತ್ತೆ, ಪ್ಯಾಕಪ್ ಅನ್ನುವ ಮೊದಲು ಎಲ್ಲರೂ ಸುಮ್ಮನಿದ್ದು ಖಾಲಿ ಕೋಣೆಯ ಸದ್ದನ್ನು ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಿ. ಮಾತಿನ ಮಧ್ಯೆ ಕತ್ತರಿಸಿದ ಜಾಗಗಳನ್ನು ಮುಚ್ಚಲು ಅದೇ ಬೇಕಾಗುತ್ತದೆ.

ಸ್ಟೋರೇಜ್ ವಿಷಯದಲ್ಲಿ ಆಸೆಗೆ ಬೀಳಬೇಡಿ. ಕೆಲವು ಐಫೋನ್‌ಗಳಲ್ಲಿ ಪ್ರೋರೆಸ್ ಎಂಬ, ಗುಣಮಟ್ಟ ಉಳಿಸಿ ದೊಡ್ಡ ಫೈಲ್ ಮಾಡುವ ವಿಡಿಯೋ ಬಗೆಯ ಆಯ್ಕೆ ಕಾಣುತ್ತದೆ. ಆ್ಯಪಲ್ ಹೇಳುವ ಲೆಕ್ಕದಲ್ಲೇ 4ಕೆ ಪ್ರೋರೆಸ್ ಒಂದು ನಿಮಿಷಕ್ಕೆ ಸುಮಾರು 6 ಜಿಬಿ, ಎಚ್‌ಡಿ ಆದರೆ 1.7 ಜಿಬಿ. ಹತ್ತು ಟೇಕ್ ಆಗುವಷ್ಟರಲ್ಲಿ ಫೋನ್ ತುಂಬಿರುತ್ತದೆ. ಐಫೋನ್ 15 ಪ್ರೊ ಮತ್ತು ನಂತರದ ಪ್ರೊ ಫೋನ್‌ಗಳಲ್ಲಿ ಯುಎಸ್‌ಬಿ-ಸಿ ಮೂಲಕ ಹೊರಗಿನ ಎಸ್‌ಎಸ್‌ಡಿಗೆ (ಫೈಲ್ ಇಡುವ ಡ್ರೈವ್) ನೇರ ರೆಕಾರ್ಡ್ ಮಾಡಬಹುದು, ಅದಿದ್ದವರು ಬಳಸಿ. ನಾವು ಫೈಲ್ ಚಿಕ್ಕದಾಗಿಸುವ ಎಚ್.265 ಬಗೆಯಲ್ಲೇ ತೆಗೆದೆವು, ದೊಡ್ಡ ಪರದೆಯಲ್ಲಿ ಹಾಕಿ ನೋಡಿದರೂ ಯಾರೂ ಏನೂ ಹೇಳಲಿಲ್ಲ. ಶೂಟಿಂಗಿಗೆ ಮೊದಲು ಏರ್‌ಪ್ಲೇನ್ ಮೋಡ್ ಹಾಕಿ, ಫೋನಿನ ಕವರ್ ತೆಗೆದಿಡಿ. ಬಿಸಿ ಹೆಚ್ಚಾದರೆ ಫೋನ್ ಮೊದಲು ಸ್ಕ್ರೀನ್ ಮಂಕು ಮಾಡುತ್ತದೆ, ಆಗ ನಿಮಗೆ ಎಕ್ಸ್‌ಪೋಷರ್ (ಚಿತ್ರಕ್ಕೆ ಬಿದ್ದ ಬೆಳಕಿನ ಪ್ರಮಾಣ) ತಪ್ಪಾಗಿ ಕಾಣುತ್ತದೆ.

ಸ್ಲೇಟ್ ಅಂತ ಒಂದು ಪುಟ ಇದೆ. ಸೀನ್ ಎಷ್ಟು, ಟೇಕ್ ಎಷ್ಟು, ಹಗಲೋ ರಾತ್ರಿಯೋ, ಒಳಗೋ ಹೊರಗೋ ಎಲ್ಲ ಬರೆಯಬಹುದು, ಒಳ್ಳೆಯ ಟೇಕ್ ಅಂತ ಗುರುತು ಹಾಕಬಹುದು. ಮೊದಲ ದಿನ ಇದನ್ನು ನಾನು ಮುಟ್ಟಲೇ ಇಲ್ಲ. ಎರಡನೇ ದಿನ ಗೆಳೆಯನೊಬ್ಬನಿಗೆ ಇದೇ ಕೆಲಸ ವಹಿಸಿದೆ. ಆ ಮಾಹಿತಿ ಡಾವಿಂಚಿ ರಿಸಾಲ್ವ್‌ಗೂ ಹೋಗುತ್ತದೆ, ಹಾಗಾಗಿ ಎರಡನೇ ದಿನದ ಎಡಿಟಿಂಗ್ ಒಂದು ಸಂಜೆಯಲ್ಲಿ ಮುಗಿಯಿತು, ಮೊದಲ ದಿನದ್ದಕ್ಕೆ ನಾಲ್ಕು ಸಂಜೆ ಹಿಡಿಯಿತು. ರಿಸಾಲ್ವ್‌ನ ಉಚಿತ ಆವೃತ್ತಿಯೇ ನಮ್ಮ ಕೆಲಸಕ್ಕೆ ಬೇಕಾದಷ್ಟಾಯಿತು. ಆದರೆ ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು. 8 ಜಿಬಿ ರ‍್ಯಾಮ್‌ನಲ್ಲಿ 4ಕೆ ಎಡಿಟ್ ಮಾಡಲು ಹೊರಟರೆ ಒದ್ದಾಟವೇ.

ಕೊರತೆಗಳೂ ಇವೆ. ಎಲ್ಲ ಫೋನಿಗೂ ಇದು ಸಿಗುವುದಿಲ್ಲ. ಆಂಡ್ರಾಯ್ಡಿಗೆ ಬಂದಾಗ ಸ್ಯಾಮ್‌ಸಂಗ್, ಪಿಕ್ಸೆಲ್‌ನ ಕೆಲವೇ ಮಾಡೆಲ್‌ಗಳಿಗೆ ಇತ್ತು, ಆಮೇಲೆ ಪಟ್ಟಿ ಬೆಳೆದಿದೆ, ಆದರೂ ಹಾಕುವ ಮೊದಲು ನಿಮ್ಮ ಫೋನ್ ಅದರಲ್ಲಿದೆಯೇ ನೋಡಿ. ಫೋನಿನ ಹಾರ್ಡ್‌ವೇರ್ ಕೊಡದ ಸೌಲಭ್ಯವನ್ನು ಆ್ಯಪ್ ತಂದುಕೊಡುವುದಿಲ್ಲ. ಇನ್ನೊಂದು, ಹೊಸಬರಿಗೆ ಮೊದಲ ಒಂದು ಗಂಟೆ ಗಾಬರಿಯಾಗುತ್ತದೆ. ಫಾಲ್ಸ್ ಕಲರ್ (ಬೆಳಕಿನ ಮಟ್ಟವನ್ನು ಬಣ್ಣಗಳಲ್ಲಿ ತೋರಿಸುವುದು), ಹಿಸ್ಟೋಗ್ರಾಮ್ (ಬೆಳಕು-ಕತ್ತಲೆ ಎಷ್ಟೆಷ್ಟಿದೆ ಎಂಬ ನಕ್ಷೆ), ಲಟ್ (ಚಿತ್ರದ ಬಣ್ಣ ಬದಲಿಸಿ ತೋರಿಸುವ ಫೈಲ್), ಇವು ಏನು ಅಂತ ಸ್ಕ್ರೀನ್ ಮೇಲೆ ಯಾರೂ ಬಿಡಿಸಿ ಹೇಳುವುದಿಲ್ಲ. ಶೂಟಿಂಗ್ ದಿನವೇ ಮೊದಲ ಸಲ ತೆರೆಯಬೇಡಿ. ಒಂದು ವಾರ ಮನೆಯ ಕಿಟಕಿ, ಮನೆಯವರ ಮುಖ ಅಂತ ತೆಗೆದು ಅಭ್ಯಾಸ ಮಾಡಿಕೊಳ್ಳಿ.

ನಿಮ್ಮ ಫೋನಿಗೆ ಇದು ಸಿಗದಿದ್ದರೆ ಸುಮ್ಮನೆ ಕೂರಬೇಡಿ. ಹೆಚ್ಚಿನ ಮಾಮೂಲಿ ಕ್ಯಾಮೆರಾಗಳಲ್ಲೂ ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಆಗುತ್ತವೆ. ಅದು ನನಗೆ ಮೊದಲ ದಿನ ಹೊಳೆದಿದ್ದರೆ ಆ ಮೊದಲ ಟೇಕ್ ಅರ್ಧದಷ್ಟಾದರೂ ಉಳಿಯುತ್ತಿತ್ತು.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಮೊದಲ ಗಂಟೆಯ ಗಾಬರಿಗೆ. ಮುಂದಿನ ಚಿತ್ರಕ್ಕೆ ಒಂದು ಎನ್‌ಡಿ 64, ಇನ್ನೊಂದು ಕಾಲರ್ ಮೈಕ್ ತೆಗೆದುಕೊಳ್ಳುವುದು ಅಂತ ತೀರ್ಮಾನಿಸಿದ್ದೇವೆ. ಫೋನ್ ಇದೇ, ಆ್ಯಪ್ ಇದೇ. ಗೆಳೆಯನ ಅಮ್ಮ ಆಗಲೇ ಕೇಳಿದ್ದಾರೆ, ಈ ಸಲ ತಮಗೆ ಮಾತು ಸ್ವಲ್ಪ ಜಾಸ್ತಿ ಕೊಡುತ್ತೀರಾ ಅಂತ.