ಆಗುಂಬೆ ದಾರಿಯ ಪಾಠ: ಎಪಿಆರ್‌ಎಸ್ ನಕ್ಷೆಯ ಚುಕ್ಕಿ ನಂಬಿ ಸಹಾಯದ ಗಾಡಿಗೆ ಕಾಯಬೇಡಿ

ಮಳೆಗಾಲದ ಸೈಕಲ್ ಸವಾರಿ, ಬೈಕ್ ರ‍್ಯಾಲಿ, ಚಾರಣಗಳಿಗೆ ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೊ) ನೆರವು ಕೊಡಲು ಹೊರಟಿರುವ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಗೆಳೆಯರು ಇದನ್ನು ದಯವಿಟ್ಟು ಪೂರ್ತಿ ಓದಿ. ಗಾಡಿಗೆ ಎಪಿಆರ್‌ಎಸ್ (ಸ್ಥಾನದಂಥ ಮಾಹಿತಿಯನ್ನು ಹ್ಯಾಮ್ ರೇಡಿಯೊ ಮೂಲಕ ಕಳಿಸುವ ವ್ಯವಸ್ಥೆ) ಟ್ರ್ಯಾಕರ್ ಕಟ್ಟಿ, ಅದು ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಿ ಸಹಾಯ ಕಳಿಸುವ ಯೋಚನೆ ಇರುವವರಂತೂ ಓದಲೇಬೇಕು. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಗೆ ನಡೆದ ಸೈಕಲ್ ಸವಾರಿಯೊಂದರಲ್ಲಿ ಒಬ್ಬ ಹುಡುಗ ಬಿದ್ದು ಕೊರಳೆಲುಬು (ಕಾಲರ್ ಬೋನ್) ಮುರಿದುಕೊಂಡ. ಈಗ ಅವನು ಚೆನ್ನಾಗಿದ್ದಾನೆ. ಆದರೆ ಆ ದಿನ ಪ್ರಥಮ ಚಿಕಿತ್ಸೆಯ ಗಾಡಿ ಅವನನ್ನು ದಾಟಿ ಮುಂದೆ ಹೋಗಿ ನಿಂತಾಗಿದ್ದರೂ ನಕ್ಷೆ ಮಾತ್ರ ಅದು ಹಿಂದಿನಿಂದ ಬರುತ್ತಿದೆ ಎಂದೇ ತೋರಿಸುತ್ತಿತ್ತು. ಬಾರದ ಗಾಡಿಗೆ ಅವನು ಜಡಿಮಳೆಯಲ್ಲಿ ಕಾದ.

ವ್ಯವಸ್ಥೆ ಹೀಗಿತ್ತು. ಆ ದಾರಿಯಲ್ಲಿ ಮೇಗರವಳ್ಳಿ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಎಲ್ಲಿ ಸಾಯುತ್ತದೆ ಎಂದು ಹೇಳಲಾಗದು. ಅದಕ್ಕೇ ಆಯೋಜಕರು ನಮ್ಮನ್ನು ಕರೆದಿದ್ದು. ಪ್ರಥಮ ಚಿಕಿತ್ಸೆಯ ಗಾಡಿಯಲ್ಲಿ ಲೈಸೆನ್ಸ್ ಇರುವ ಗೆಳೆಯರೊಬ್ಬರು, ಅವರ ಬಳಿ ಟ್ರ್ಯಾಕರ್ ಮತ್ತು ಮಾತಿಗೆ ಬೇರೆ ರೇಡಿಯೊ. ಟ್ರ್ಯಾಕರ್ ಕಳಿಸಿದ್ದನ್ನು ಹಿಡಿದು ಮತ್ತೆ ಪ್ರಸಾರ ಮಾಡಲು ಕುಂದಾದ್ರಿಯ ಮೇಲೆ ತಾತ್ಕಾಲಿಕ ಡಿಜಿಪೀಟರ್. ಅದನ್ನು ಕೇಳಿಸಿಕೊಂಡು ಇಂಟರ್ನೆಟ್ಟಿಗೆ ಏರಿಸಲು ತೀರ್ಥಹಳ್ಳಿಯ ಒಂದು ಮನೆಯಲ್ಲಿ ಐಗೇಟ್. ಐಗೇಟ್ ಓಡಿಸುತ್ತಿದ್ದವರು ಈ ಭಾಗದ ಹಿರಿಯ ಹ್ಯಾಮ್ ಒಬ್ಬರು. ಅವರೇ ಬರೆದ ಪ್ರೋಗ್ರಾಂ, ಅವರದೇ ಸರ್ವರ್, ಅವರದೇ ನಕ್ಷೆಯ ವೆಬ್‌ಸೈಟ್. ಹೊಸದಾಗಿ ಲೈಸೆನ್ಸ್ ಪಡೆದವರಿಗೆಲ್ಲ ಅವರ ಸರ್ವರ್ ವಿಳಾಸವನ್ನೇ ಹಾಕಿಕೊಡುವುದು ನಮ್ಮ ಗುಂಪಿನಲ್ಲಿ ರೂಢಿಯಾಗಿತ್ತು. ಸರ್ವರಿನ ಖರ್ಚು, ನಿದ್ದೆಗೆಟ್ಟ ರಾತ್ರಿಗಳು ಎಲ್ಲವೂ ಅವರವೇ. ಅವರ ಶ್ರಮದ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ.

ಮಧ್ಯಾಹ್ನದ ಮೇಲೆ ಆಗುಂಬೆಯ ಮಳೆ ಶುರುವಾಯಿತು. ನಾನಿದ್ದದ್ದು ಗುಡ್ಡೇಕೇರಿ ಹತ್ತಿರದ ನಮ್ಮ ರೇಡಿಯೊ ನಿಲ್ದಾಣದಲ್ಲಿ. ಸ್ವಲ್ಪ ಮುಂದಿನ ತಿರುವಿನಲ್ಲಿ ಹುಡುಗ ಜಾರಿ ಬಿದ್ದಿದ್ದಾನೆ ಎಂದು ಹಿಂದಿನ ಸವಾರ ಬಂದು ಹೇಳಿದ. ಹೋಗಿ ನೋಡಿದರೆ ತೋಳು ಎತ್ತಲಾಗದೆ, ಹೆಗಲು ಹಿಡಿದುಕೊಂಡು ಕೂತಿದ್ದ. ತೀರ್ಥಹಳ್ಳಿಯ ಕಂಟ್ರೋಲ್ ರೂಮಿಗೆ ರೇಡಿಯೊದಲ್ಲಿ ಹೇಳಿದೆ. ಅಲ್ಲಿದ್ದವರು ನಕ್ಷೆ ನೋಡಿ, "ಗಾಡಿ ಈಗಷ್ಟೇ ಮೇಗರವಳ್ಳಿ ಬಿಟ್ಟಿದೆ, ನಿಮ್ಮ ಹಿಂದೇನೇ ಬರ್ತಾ ಇದೆ, ಅಲ್ಲೇ ಇರಿ" ಎಂದರು. ಚುಕ್ಕಿಯ ಪಕ್ಕದಲ್ಲಿ "ಒಂದು ನಿಮಿಷದ ಹಿಂದೆ" ಎಂದು ಬರೆದಿತ್ತಂತೆ. ಅದನ್ನು ನೋಡಿದ ಯಾರೇ ಆಗಲಿ ಹಾಗೆಯೇ ಹೇಳುತ್ತಿದ್ದರು, ಅವರದೇನೂ ತಪ್ಪಿಲ್ಲ.

ಗಾಡಿ ಬರಲಿಲ್ಲ. ಮತ್ತೆ ಕೇಳಿದರೆ, "ಹತ್ತಿರ ಬಂತು, ಇನ್ನೇನು ಕಾಣಿಸುತ್ತೆ" ಎಂಬ ಉತ್ತರ. ಹುಡುಗನ ತುಟಿ ನೀಲಿಗಟ್ಟುತ್ತಿತ್ತು, ನಡುಗುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಕಂಟ್ರೋಲನ್ನು ಬಿಟ್ಟು ನೇರವಾಗಿ ಗಾಡಿಯ ಗೆಳೆಯರನ್ನೇ ಕರೆದೆ. "ಎಲ್ಲಿದ್ದೀರಿ ಮಾರಾಯ್ರೆ?" "ಆಗುಂಬೆ ಬಸ್‌ಸ್ಟ್ಯಾಂಡಲ್ಲಿ. ಬಂದು ಎಷ್ಟೋ ಹೊತ್ತಾಯ್ತಲ್ಲ, ಯಾಕೆ?" ಅವರು ವಾಪಸು ಓಡಿಬಂದರು. ಹುಡುಗನನ್ನು ಹತ್ತಿಸಿಕೊಂಡು ತೀರ್ಥಹಳ್ಳಿಗೆ ಕರೆದೊಯ್ದರು. ಅವರು ಹೊರಟು ನಿಂತ ಹೊತ್ತಿಗೂ ನಕ್ಷೆಯ ಮೇಲಿನ ಚುಕ್ಕಿ ನಿಧಾನಕ್ಕೆ ಗುಡ್ಡೇಕೇರಿಯ ಕಡೆಗೆ ಏರುತ್ತಲೇ ಇತ್ತು ಎಂದು ಕಂಟ್ರೋಲಿನಲ್ಲಿದ್ದ ಗೆಳತಿ ಆಮೇಲೆ ಹೇಳಿದಳು.

ಏನಾಗಿತ್ತು ಎಂದು ತಿಳಿಯಲು ಎಪಿಆರ್‌ಎಸ್ ಕೆಲಸ ಮಾಡುವ ಬಗೆ ಸ್ವಲ್ಪ ಗೊತ್ತಿರಬೇಕು. ಟ್ರ್ಯಾಕರ್ ಜಿಪಿಎಸ್ಸಿನಿಂದ ತನ್ನ ಸ್ಥಾನ ತಿಳಿದುಕೊಂಡು, ಅದನ್ನು ಪುಟ್ಟ ಪ್ಯಾಕೆಟ್ ಮಾಡಿ, ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಗಾಳಿಗೆ ಬಿಡುತ್ತದೆ. ಕೇಳಿಸಿತೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ಒಂದು ಕಳೆದುಹೋದರೆ ಹೋಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಇದು ಕೊರತೆಯಲ್ಲ, ವಿನ್ಯಾಸವೇ ಹಾಗೆ. ಇದನ್ನು ರೂಪಿಸಿದ ಅಮೆರಿಕದ ಬಾಬ್ ಬ್ರೂನಿಂಗಾ 2022ರಲ್ಲಿ ತೀರಿಕೊಂಡರು. ಎಪಿಆರ್‌ಎಸ್ ಬರೀ ವಾಹನ ಹಿಂಬಾಲಿಸುವ ಸಾಧನವಲ್ಲ, ಸುತ್ತಮುತ್ತ ಈ ಕ್ಷಣ ಏನು ನಡೆಯುತ್ತಿದೆ ಎಂಬುದನ್ನು ಎಲ್ಲರಿಗೂ ತಿಳಿಸುವ ವ್ಯವಸ್ಥೆ ಎಂದು ಅವರು ಕೊನೆಯವರೆಗೂ ಹೇಳುತ್ತಲೇ ಇದ್ದರು. ಈ ಕ್ಷಣದ್ದಲ್ಲದ ಪ್ಯಾಕೆಟ್ ಅದರಲ್ಲಿ ಕಸಕ್ಕೆ ಸಮ.

ಇನ್ನೊಂದು ಮುಖ್ಯ ಸಂಗತಿ ಇದೆ. ಬಹುತೇಕ ಟ್ರ್ಯಾಕರ್‌ಗಳು ಕಳಿಸುವ ಪ್ಯಾಕೆಟ್ಟಿನಲ್ಲಿ ಸ್ಥಾನವಿರುತ್ತದೆ, ಸಮಯವಿರುವುದಿಲ್ಲ. ಸಾಧಾರಣವಾಗಿ ಬಳಸುವ ಮೈಕ್-ಇ ಎಂಬ ಅಡಕ ರೂಪದಲ್ಲಂತೂ ಸಮಯಕ್ಕೆ ಜಾಗವೇ ಇಲ್ಲ. ನಕ್ಷೆಯಲ್ಲಿ ಕಾಣುವ ಸಮಯ ಸರ್ವರಿಗೆ ಪ್ಯಾಕೆಟ್ ತಲುಪಿದ ಸಮಯ. ಗಾಡಿ ಅಲ್ಲಿದ್ದ ಸಮಯವಲ್ಲ. ನಡುವೆ ಯಾರಾದರೂ ಪ್ಯಾಕೆಟ್ಟನ್ನು ಹಿಡಿದಿಟ್ಟುಕೊಂಡು ತಡವಾಗಿ ಬಿಟ್ಟರೆ ಹಳೆಯ ಸ್ಥಾನಕ್ಕೆ ಹೊಸ ಸಮಯ ಅಂಟಿಕೊಳ್ಳುತ್ತದೆ. ನಿನ್ನೆಯ ಮೀನನ್ನು ಇವತ್ತಿನದು ಎಂದು ಮಾರಿದ ಹಾಗೆ.

ತೀರ್ಥಹಳ್ಳಿಯ ಐಗೇಟಿನಲ್ಲಿ ಆದದ್ದು ಇದೇ. ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಇಂಟರ್ನೆಟ್ ಮೊಬೈಲ್ ಹಾಟ್‌ಸ್ಪಾಟಿನ ಮೇಲೆ ನಡೆಯುತ್ತಿತ್ತು. ಸಂಪರ್ಕ ಕಡಿದಾಗ ಆ ಪ್ರೋಗ್ರಾಂ ಪ್ಯಾಕೆಟ್ಟುಗಳನ್ನು ಎಸೆಯುವ ಬದಲು ಸಾಲಾಗಿ ಕೂಡಿಡುತ್ತಿತ್ತು. ಸಂಪರ್ಕ ಬಂದಾಗ ಒಂದೊಂದಾಗಿ, ನಡುವೆ ಬಿಡುವು ಕೊಟ್ಟು ಕಳಿಸುತ್ತಿತ್ತು. ಹೊಸದಾಗಿ ಬಂದವು ಸಾಲಿನ ಬಾಲಕ್ಕೆ ಸೇರುತ್ತಿದ್ದವು. ಹೀಗಾಗಿ ಒಮ್ಮೆ ಹಿಂದೆಬಿದ್ದ ಚುಕ್ಕಿ ಮತ್ತೆ ಸರಿಹೋಗಲೇ ಇಲ್ಲ. ಇದು ಆಕಸ್ಮಿಕ ದೋಷವಲ್ಲ, ಬೇಕೆಂದೇ ಬರೆದದ್ದು. ಗಾಡಿ ಹೋದ ಗೆರೆ ನಡುವೆ ತುಂಡಾಗದೆ ನಕ್ಷೆಯ ಮೇಲೆ ಪೂರ್ತಿ ಕಾಣಲಿ ಎಂಬುದು ಆಸೆ.

ಈ ತೊಂದರೆಯನ್ನು ಹಿಡಿಯುವ ಕಾವಲು ದೊಡ್ಡ ತಾಣಗಳಲ್ಲಿ ಇಲ್ಲವೇ? ಇದೆ. ಫಿನ್ಲೆಂಡಿನಿಂದ ನಡೆಯುವ ಎಪಿಆರ್‌ಎಸ್ ಡಾಟ್ ಎಫ್‌ಐ ತಾಣ, ಐದು ಸೆಕೆಂಡಿಗಿಂತ ಬೇಗ ಬೇಗ ಬಂದ ಸ್ಥಾನಗಳನ್ನು ತಡೆಯುತ್ತದೆ. ಗಾಡಿ ಒಮ್ಮೆಲೇ ಅಸಾಧ್ಯ ವೇಗದಲ್ಲಿ ಜಿಗಿದಂತೆ ಕಂಡರೆ ತಡವಾದ ಪ್ಯಾಕೆಟ್ ಎಂದು ಗುರುತು ಹಾಕುತ್ತದೆ. ಸರ್ವರ್ ಜಾಲ ಕೂಡ ಒಂದೇ ಪ್ಯಾಕೆಟ್ ಎರಡು ದಾರಿಯಲ್ಲಿ ಬಂದರೆ ಎರಡನೆಯದನ್ನು ಬಿಸಾಡುತ್ತದೆ, ಆದರೆ ಮೂವತ್ತು ಸೆಕೆಂಡಿನ ಒಳಗೆ ಬಂದರೆ ಮಾತ್ರ. ಬೆಂಗಳೂರಿನಂಥ ಕಡೆ ನಾಲ್ಕಾರು ಐಗೇಟ್‌ಗಳು ಒಂದೇ ಗಾಡಿಯನ್ನು ಕೇಳುತ್ತಿದ್ದರೆ, ತಡವಾದ ಒಂದು ಗೇಟಿನಿಂದ ಚುಕ್ಕಿ ಹಿಂದೆ ಮುಂದೆ ಹಾರಾಡುತ್ತದೆ, ಗೆರೆ ಅಂಕುಡೊಂಕಾಗುತ್ತದೆ, ಏನೋ ಎಡವಟ್ಟಾಗಿದೆ ಎಂದು ನೋಡಿದವರಿಗೆ ತಿಳಿಯುತ್ತದೆ. ನಮ್ಮಲ್ಲಿ ಇದ್ದದ್ದು ಒಂದೇ ಗೇಟು. ಎಲ್ಲ ಪ್ಯಾಕೆಟ್ಟುಗಳೂ ಒಂದೇ ಸಮ ತಡ, ಕ್ರಮ ಸರಿ, ಅಂತರ ಸರಿ. ಗೆರೆ ರಸ್ತೆಯ ಮೇಲೆ ನೀಟಾಗಿ ಹರಿದಿತ್ತು. ಮಲೆನಾಡಿನವರು ಇದನ್ನು ನೆನಪಿಡಬೇಕು: ನಮ್ಮ ಕಡೆ ಗೇಟುಗಳು ಕಡಿಮೆ, ಆದ್ದರಿಂದ ಸುಳ್ಳು ಚುಕ್ಕಿ ಇಲ್ಲಿ ಸುಂದರವಾಗಿಯೇ ಕಾಣುತ್ತದೆ.

ನಾನು ಊಹೆಯ ಮೇಲೆ ಇದನ್ನು ಹೇಳುತ್ತಿಲ್ಲ. ಟ್ರ್ಯಾಕರಿನ ಮೆಮೊರಿ ಕಾರ್ಡಿನಲ್ಲಿ ಉಪಗ್ರಹದ ಸಮಯದೊಂದಿಗೆ ಗಾಡಿಯ ಹಾದಿ ದಾಖಲಾಗಿತ್ತು. ಅದನ್ನೂ ಸರ್ವರಿಗೆ ತಲುಪಿದ ಕಚ್ಚಾ ಪ್ಯಾಕೆಟ್ಟುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಅದೇ ಸ್ಥಾನಗಳು, ನಡುವೆ ಕಾಲು ಗಂಟೆಗೂ ಮೀರಿದ ಅಂತರ. ಪ್ರತಿ ಪ್ಯಾಕೆಟ್ಟಿನಲ್ಲಿ ಅದು ಬಂದ ಹಾದಿಯೂ ಬರೆದಿರುತ್ತದೆ, ಅದರ ಕೊನೆಯಲ್ಲಿ ಅದನ್ನು ಏರಿಸಿದ ಐಗೇಟಿನ ಕಾಲ್‌ಸೈನ್ (ಲೈಸೆನ್ಸಿನೊಂದಿಗೆ ಸಿಗುವ ಗುರುತಿನ ಹೆಸರು) ಇರುತ್ತದೆ. ಎಲ್ಲದರಲ್ಲೂ ಅದೇ ಒಂದು.

ಇದನ್ನು ತೆಗೆದುಕೊಂಡು ಹಿರಿಯರ ಮನೆಗೆ ಹೋದೆ. ಗುಂಪಿನಲ್ಲಿ ಹಾಕಿ ಅವರಿಗೆ ಮುಜುಗರ ಮಾಡುವುದು ಬೇಡವೆಂದು ಮೊದಲು ಮನೆಗೇ ಹೋದದ್ದು. ಕಾಫಿ ಕೊಟ್ಟರು, ಕೇಳಿಸಿಕೊಂಡರು. "ಒಂದು ಪಾಯಿಂಟೂ ಹೋಗಬಾರದು ಅಂತ ಎಷ್ಟು ಕಷ್ಟಪಟ್ಟು ಬರ್ದಿದ್ದೀನಿ ಗೊತ್ತನಾ? ಟ್ರ್ಯಾಕರ್ ಸೆಟ್ಟಿಂಗು ನೋಡ್ಕಳಿ" ಎಂದರು. "ಸರ್, ಕೂಡಿಡೋದನ್ನ ಒಂದು ಆಯ್ಕೆ ಮಾಡಿ, ಸಹಾಯದ ಕೆಲಸ ಇದ್ದಾಗ ಬಂದ್ ಮಾಡೋಣ" ಎಂದೆ. ಒಪ್ಪಲಿಲ್ಲ. ಮುಂದಿನ ಸವಾರಿಗೂ ಅದೇ ವ್ಯವಸ್ಥೆ ಎಂದು ತಿಳಿದಾಗ ಗುಂಪಿನಲ್ಲಿ ಲೆಕ್ಕ ಸಮೇತ ಹಾಕಿದೆ. ಅಂದು ರಾತ್ರಿಯೇ ನನ್ನನ್ನು ಗುಂಪಿನಿಂದ ತೆಗೆದರು. ನನ್ನ ಕಾಲ್‌ಸೈನ್ ಅವರ ಸರ್ವರಿನಲ್ಲಿ ನಿರ್ಬಂಧವಾಯಿತು. ಆ ಸವಾರಿಯ ದಿನದ ದಾಖಲೆ ಅವರ ನಕ್ಷೆಯಲ್ಲಿ ಈಗ ಸಿಗುವುದಿಲ್ಲ.

ನನಗೆ ಹೆಚ್ಚು ನೋವಾದದ್ದು ಉಳಿದವರ ಮೌನದಿಂದ. ಹುಡುಗ ನಡುಗಿದ್ದನ್ನು ಕಣ್ಣಾರೆ ಕಂಡವರು ಅದರಲ್ಲಿದ್ದರು. ಫೋನಿನಲ್ಲಿ ಒಬ್ಬೊಬ್ಬರೇ "ನೀವು ಹೇಳಿದ್ದು ಸರಿ, ಆದ್ರೆ ದೊಡ್ಡವರು" ಎಂದರು. ವಯಸ್ಸಿಗೆ ಗೌರವ ಕೊಡುವುದು ನಮ್ಮ ಸೀಮೆಯ ಒಳ್ಳೆಯ ಗುಣ. ಆದರೆ ಪ್ಯಾಕೆಟ್ಟಿನ ಸಮಯ ತಪ್ಪಾಗಿದೆ ಎಂದು ಹೇಳುವುದು ಅಗೌರವ ಹೇಗಾಗುತ್ತದೆ?

ಕೆಲವು ವಾರದ ಮೇಲೆ ಮತ್ತೊಂದು ತಲೆನೋವು. ನಾನು ಶಿವಮೊಗ್ಗದ ಮನೆಯಲ್ಲಿ ರೇಡಿಯೊ ಮುಚ್ಚಿಟ್ಟು ಕೂತಿದ್ದಾಗ ನನ್ನ ಕಾಲ್‌ಸೈನ್ ಲಿಂಗನಮಕ್ಕಿಯ ಹಿನ್ನೀರಿನ ನಡುವೆ ಓಡಾಡುತ್ತಿತ್ತು, ಜೊತೆಗೆ ಒಂದು ಹೊಲಸು ಟಿಪ್ಪಣಿ. ಯಾರು ಮಾಡಿದರೋ ನಾನು ಕಂಡಿಲ್ಲ, ಯಾರ ಮೇಲೂ ಹೇಳುವುದಿಲ್ಲ. ಹೇಗೆ ಮಾಡಬಹುದು ಎಂಬುದನ್ನು ಹೊಸಬರು ತಿಳಿದಿರಬೇಕು. ಎಪಿಆರ್‌ಎಸ್ ಸರ್ವರಿಗೆ ಪ್ಯಾಕೆಟ್ ಕಳಿಸಲು ಬೇಕಾದ ಪಾಸ್‌ಕೋಡ್ ನಿಜವಾದ ಪಾಸ್‌ವರ್ಡ್ ಅಲ್ಲ. ನಿಮ್ಮ ಕಾಲ್‌ಸೈನಿನ ಅಕ್ಷರಗಳಿಂದಲೇ ಒಂದು ಸರಳ ಲೆಕ್ಕದಲ್ಲಿ ಅದು ಹುಟ್ಟುತ್ತದೆ. ಲೆಕ್ಕ ಎಲ್ಲರಿಗೂ ತೆರೆದದ್ದು, ಕಾಲ್‌ಸೈನ್ ಹೇಗೂ ಎಲ್ಲರಿಗೂ ಗೊತ್ತು. ಅದನ್ನು ಬದಲಿಸಲು ಬರುವುದಿಲ್ಲ. ನಿಮ್ಮ ಹೆಸರಲ್ಲಿ ಇಂಥದ್ದು ಕಂಡರೆ ಮೊದಲು ಕಚ್ಚಾ ಪ್ಯಾಕೆಟ್ ತೆಗೆದು ನೋಡಿ. ಹಾದಿಯಲ್ಲಿ "ಟಿಸಿಪಿಐಪಿ" ಎಂದು ನಕ್ಷತ್ರದ ಗುರುತಿನೊಂದಿಗೆ ಇದ್ದರೆ, ಅದು ರೇಡಿಯೊದಿಂದ ಬಂದದ್ದಲ್ಲ, ಇಂಟರ್ನೆಟ್ಟಿನಿಂದ ನೇರವಾಗಿ ತುರುಕಿದ್ದು. ಚಿತ್ರ ತೆಗೆದು, ದಿನ ಮತ್ತು ಸಮಯದೊಂದಿಗೆ ಇಟ್ಟುಕೊಳ್ಳಿ. ನಮ್ಮ ವಿಯು2, ವಿಯು3 ಕಾಲ್‌ಸೈನ್‌ಗಳು ಸರ್ಕಾರ ಕೊಟ್ಟ ಲೈಸೆನ್ಸಿನ ಗುರುತು, ಅದರ ಹೆಸರಲ್ಲಿ ಹೋದದ್ದಕ್ಕೆ ಉತ್ತರ ಕೊಡಬೇಕಾದವರು ನಾವೇ.

ಸಹಾಯದ ಕೆಲಸಕ್ಕೆ ಹೊರಡುವವರು ಐಗೇಟ್ ನಡೆಸುವವರನ್ನು ಒಂದು ಪ್ರಶ್ನೆ ಕೇಳಿ: "ನೆಟ್ ಹೋದಾಗ ಪ್ಯಾಕೆಟ್ ಏನಾಗುತ್ತೆ?" "ಬಿದ್ದುಹೋಗುತ್ತೆ" ಎಂದರೆ ಒಳ್ಳೆಯ ಗೇಟು. "ಒಂದೂ ಹೋಗಲ್ಲ" ಎಂದು ಹೆಮ್ಮೆಯಿಂದ ಹೇಳಿದರೆ ಅದರ ನಕ್ಷೆ ನೋಡಿ ಯಾರನ್ನೂ ಕಾಯಿಸಬೇಡಿ. ಬೇಕೆಂದು ಕೂಡಿಡದಿದ್ದರೂ ದುರ್ಬಲ ಮೊಬೈಲ್ ಸಂಪರ್ಕದಲ್ಲಿ ಟಿಸಿಪಿ (ಇಂಟರ್ನೆಟ್ಟಿನಲ್ಲಿ ಮಾಹಿತಿಯನ್ನು ತಪ್ಪದೆ ತಲುಪಿಸುವ ವಿಧಾನ) ತಾನೇ ಸ್ವಲ್ಪ ಹಿಡಿದಿಟ್ಟುಕೊಂಡು ಆಮೇಲೆ ತಲುಪಿಸುವುದುಂಟು. ಹಾಗಾಗಿ ಟ್ರ್ಯಾಕರಿನಲ್ಲಿ ಅವಕಾಶವಿದ್ದರೆ ಸಮಯ ಸಹಿತವಾದ ಸ್ಥಾನ ಕಳಿಸುವ ಸೆಟ್ಟಿಂಗ್ ಹಾಕಿ. ಪ್ಯಾಕೆಟ್ ಕೆಲವು ಅಕ್ಷರ ಉದ್ದವಾಗುತ್ತದೆ, ಆಗಲಿ.

ಇನ್ನೂ ಒಳ್ಳೆಯದು, ಕಂಟ್ರೋಲ್ ರೂಮಿನಲ್ಲೇ ಒಂದು ರಿಸೀವರ್ ಇಡುವುದು. ಅಗ್ಗದ ಯುಎಸ್‌ಬಿ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ರಿಸೀವರ್), ಒಂದು ಲ್ಯಾಪ್‌ಟಾಪ್, ಪ್ಯಾಕೆಟ್ ಬಿಡಿಸಿ ಓದಲು ಉಚಿತವಾಗಿ ಸಿಗುವ ಡೈರ್‌ವುಲ್ಫ್ ಪ್ರೋಗ್ರಾಂ, ಛಾವಣಿಯ ಮೇಲೆ ಒಂದು ಆಂಟೆನಾ. ಅಂದು ನಮ್ಮ ಕಂಟ್ರೋಲ್ ಇದ್ದದ್ದೂ ಅದೇ ತೀರ್ಥಹಳ್ಳಿಯಲ್ಲಿ. ಕುಂದಾದ್ರಿಯಿಂದ ಪ್ಯಾಕೆಟ್ ಆ ಮನೆಯ ಮೇಲೂ ಹಾದುಹೋಗುತ್ತಿತ್ತು, ಕೇಳಲು ಕಿವಿ ಇಟ್ಟಿರಲಿಲ್ಲ ಅಷ್ಟೆ. ನೇರವಾಗಿ ಗಾಳಿಯಿಂದ ಕೇಳಿದ್ದಕ್ಕೆ ಇಂಟರ್ನೆಟ್ ಬೇಡ, ಯಾರ ಸರ್ವರೂ ಬೇಡ. ಮತ್ತು ಯಾರಿಗಾದರೂ ಪೆಟ್ಟಾಗಿದೆ ಎಂದರೆ ಚುಕ್ಕಿ ಏನೇ ಹೇಳಲಿ, ಗಾಡಿಯಲ್ಲಿರುವವರನ್ನು ದನಿಯಲ್ಲಿ ಕರೆದು ಎಲ್ಲಿದ್ದೀರಿ ಎಂದು ಕೇಳಿ.

ಆ ಸರ್ವರ್ ಈಗಲೂ ನಡೆಯುತ್ತಿದೆ, ಹೊಸಬರಿಗೆ ಈಗಲೂ ಅದೇ ವಿಳಾಸ ಹಂಚುತ್ತಿದ್ದಾರೆ. ನಿಮ್ಮ ಫೋನಿನ ಎಪಿಆರ್‌ಎಸ್‌ಡ್ರಾಯ್ಡ್ ಆ್ಯಪ್ ಆಗಲಿ, ಐಗೇಟ್ ಆಗಲಿ, ಸರ್ವರ್ ಎಂಬ ಜಾಗದಲ್ಲಿ ಖಾಸಗಿ ವಿಳಾಸವಿದ್ದರೆ ತೆಗೆದು "ರೊಟೇಟ್ ಡಾಟ್ ಎಪಿಆರ್‌ಎಸ್2 ಡಾಟ್ ನೆಟ್" ಹಾಕಿ, ಪೋರ್ಟ್ 14580. ಅದು ಹಲವು ದೇಶಗಳ ಸ್ವಯಂಸೇವಕರು ಸೇರಿ ನಡೆಸುವ ಜಾಲ. ಕಚ್ಚಾ ಪ್ಯಾಕೆಟ್ಟುಗಳೂ ಮೆಮೊರಿ ಕಾರ್ಡಿನ ದಾಖಲೆಯೂ ನನ್ನ ಬಳಿ ಇವೆ. ನೋಡಬೇಕೆಂದವರು ಕೇಳಿ, ಹಿರಿಯರ ಕಾಲ್‌ಸೈನ್ ಅಳಿಸಿ ಕಳಿಸುತ್ತೇನೆ.